ಹೆಸರಿಲ್ಲದ ಎಣಿಕೆ: ಜನಗಣತಿಯ ಗೋಪ್ಯತೆ ಮತ್ತು ಬೈಕುಲ್ಲಾದ ಕನ್ನಡಿಗರು

ಪ್ರವೇಶ

ಹೊರನಾಡ ಕನ್ನಡಿಗರನ್ನು ಕುರಿತ ಅಧ್ಯಯನಗಳಿಗೆ ಜನಗಣತಿಯ ಭಾಷಾ ಕೋಷ್ಟಕಗಳೇ ಮೊದಲ ಆಕರ. 2011ರ ಗಣತಿಯ ಪ್ರಕಾರ ಭಾರತದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರ ಸಂಖ್ಯೆ 4,37,06,512. ಇವರಲ್ಲಿ ಸುಮಾರು ಹತ್ತು ಲಕ್ಷ ಜನ ಮಹಾರಾಷ್ಟ್ರದಲ್ಲಿದ್ದಾರೆ. ತುಳುವನ್ನು ಬರೆಸಿದವರ ಅಖಿಲ ಭಾರತ ಸಂಖ್ಯೆ 18,46,427. ಮುಂಬಯಿಯ ಕನ್ನಡ ಬದುಕನ್ನು ಅರಿಯಬಯಸುವ ಸಂಶೋಧಕನು ಈ ಅಂಕಿಗಳಿಂದ ಹೊರಟು ಜಿಲ್ಲೆಗೆ ಬರುತ್ತಾನೆ, ನಗರಕ್ಕೆ ಬರುತ್ತಾನೆ. ಅಲ್ಲಿಗೆ ದಾರಿ ನಿಲ್ಲುತ್ತದೆ. ಬೈಕುಲ್ಲಾದಲ್ಲಿ ಕನ್ನಡಿಗರೆಷ್ಟು, ಅವರಲ್ಲಿ ಗಿರಣಿ ಕೆಲಸಕ್ಕೆ ಬಂದ ಕುಟುಂಬಗಳವರೆಷ್ಟು, ಹೋಟೆಲ್ ಕೆಲಸಕ್ಕೆ ಬಂದವರೆಷ್ಟು, ಯಾವ ಚಾಳುಗಳಲ್ಲಿ ಅವರು ಒಟ್ಟಾಗಿ ನೆಲೆಸಿದ್ದಾರೆ ಎಂಬ ಪ್ರಶ್ನೆಗಳಿಗೆ ಅಚ್ಚಾದ ಕೋಷ್ಟಕಗಳಲ್ಲಿ ಉತ್ತರವಿಲ್ಲ. ಆದರೆ ಆ ಉತ್ತರಗಳಲ್ಲಿ ಬಹಳಷ್ಟು ಗಣತಿದಾರನು ಮನೆಮನೆಗೆ ಹೋಗಿ ತುಂಬಿದ ಅನುಸೂಚಿಯಲ್ಲಿ ಒಂದು ಕಾಲದಲ್ಲಿ ಬರೆಯಲ್ಪಟ್ಟಿದ್ದವು.

ಸಂಶೋಧಕರು ಇದನ್ನು ಕಚೇರಿಯ ಅಲಕ್ಷ್ಯವೆಂದೋ ಅಧಿಕಾರಿಗಳ ಬಿಗುಮಾನವೆಂದೋ ಭಾವಿಸುವುದುಂಟು. ವಾಸ್ತವದಲ್ಲಿ ಇದು ಬಹುಮಟ್ಟಿಗೆ ಕಾನೂನಿನ ಕಟ್ಟು. ಆ ಕಟ್ಟು ಏನು, ಏಕೆ, ಅದರ ಒಳಗೆ ಇದ್ದುಕೊಂಡೇ ಸಂಶೋಧಕನು ಏನನ್ನು ಪಡೆಯಬಹುದು, ಯಾವ ಸಮೀಕ್ಷೆಗಳು ಆ ಕಟ್ಟಿನ ಹೊರಗೆ ಉಳಿದಿವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಬೈಕುಲ್ಲಾವನ್ನು ನಾವು ಉದಾಹರಣೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಹೆಸರು, ಭಾಷೆ, ಧರ್ಮ, ವೃತ್ತಿ ಇವುಗಳಲ್ಲಿ ಯಾವುದೊಂದು ಹೊರಬಿದ್ದರೂ ವ್ಯಕ್ತಿಗೆ ಕೇಡಾಗಬಹುದು ಎಂಬುದನ್ನು ಈ ಪ್ರದೇಶದ ಚರಿತ್ರೆ ಹಲವು ಬಾರಿ ತೋರಿಸಿದೆ.

ಬೈಕುಲ್ಲಾ ಎಂಬ ಪ್ರದೇಶ

ಮುಂಬಯಿ ಮಹಾನಗರಪಾಲಿಕೆಯ 'ಇ' ವಾರ್ಡಿನಲ್ಲಿ ಬೈಕುಲ್ಲಾ, ಮಝಗಾಂವ್, ನಾಗಪಾಡಾ, ಕಾಮಾಠಿಪುರ ಮೊದಲಾದ ಭಾಗಗಳು ಸೇರಿವೆ. ಜೆ.ಜೆ. ಆಸ್ಪತ್ರೆ, ಮಹಿಳಾ ಕಾರಾಗೃಹ, ರಾಣಿಬಾಗ್ ಎಂದು ಜನ ಕರೆಯುವ ಉದ್ಯಾನ, ಹಳೆಯ ಹತ್ತಿಗಿರಣಿಗಳ ಆವರಣಗಳು, ಅವುಗಳ ಸುತ್ತ ಬೆಳೆದ ಚಾಳುಗಳು ಎಲ್ಲವೂ ಇಲ್ಲಿ ಒತ್ತೊತ್ತಾಗಿವೆ. 2011ರ ಗಣತಿಯಂತೆ ಈ ವಾರ್ಡಿನ ಜನಸಂಖ್ಯೆ 3,93,286. ವಾರ್ಡಿನ ಮಟ್ಟದಲ್ಲಿ ಗಂಡು-ಹೆಣ್ಣು, ಆರು ವರ್ಷದೊಳಗಿನ ಮಕ್ಕಳು, ಅಕ್ಷರಸ್ಥರು, ಪರಿಶಿಷ್ಟ ಜಾತಿ-ಪಂಗಡಗಳು, ದುಡಿಯುವವರು ಇಷ್ಟನ್ನು ಪ್ರಾಥಮಿಕ ಗಣತಿಸಾರವು ಕೊಡುತ್ತದೆ. ಮಾತೃಭಾಷೆಯನ್ನು ಆ ಮಟ್ಟದಲ್ಲಿ ಕೊಡುವುದಿಲ್ಲ.

ಮನೆಗೆ ಬಂದು ಹೆಸರು ಬರೆದುಕೊಳ್ಳುವವರ ಬಗ್ಗೆ ಈ ಪ್ರದೇಶದ ಜನರಿಗೆ ಅಂಜಿಕೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ತಗುಲಿತು. 1897ರಲ್ಲಿ ಸೇನಾಧಿಕಾರಿ ಗಟೇಕರ್ ನೇತೃತ್ವದ ಪ್ಲೇಗು ಸಮಿತಿ ಮನೆಮನೆ ಶೋಧಕ್ಕೆ ತೊಡಗಿತು. ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಅದೇ ವರ್ಷದ್ದು. ಮನೆಯಲ್ಲಿ ರೋಗಿ ಇದ್ದಾನೆಂದು ತಿಳಿದರೆ ಅವನನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸುತ್ತಿದ್ದುದರಿಂದ ರೋಗವನ್ನು ಬಚ್ಚಿಡುವುದೇ ಜನರಿಗೆ ಉಪಾಯವಾಯಿತು. 1891ರಲ್ಲಿ 8,21,764 ಇದ್ದ ನಗರದ ಜನಸಂಖ್ಯೆ 1901ರ ಗಣತಿಯಲ್ಲಿ 7,76,006ಕ್ಕೆ ಇಳಿಯಿತು. ಸಾವು ಮತ್ತು ವಲಸೆಗಳೇ ಇದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೂ ಮಾಹಿತಿ ಕೇಳುವ ಕೈಯೇ ಹಿಡಿದೊಯ್ಯುವ ಕೈಯೂ ಆದಾಗ ಜನ ಸುಳ್ಳು ಹೇಳುತ್ತಾರೆ ಎಂಬ ಪಾಠ ಆ ಕಾಲದಿಂದಲೇ ಸ್ಪಷ್ಟವಾಗಿದೆ. ಅಂಕಿ-ಅಂಶ ಕಚೇರಿಗಳ ಗೋಪ್ಯತೆಯ ನಿಯಮಗಳೆಲ್ಲವೂ ಈ ಎರಡು ಕೈಗಳನ್ನು ಬೇರ್ಪಡಿಸುವ ಪ್ರಯತ್ನಗಳೇ.

ಕಾನೂನು ಹೇಳುವುದೇನು

ಬ್ರಿಟಿಷರ ಕಾಲದಲ್ಲಿ ಪ್ರತಿ ಗಣತಿಗೂ ತಾತ್ಕಾಲಿಕವಾದ ಕಾಯ್ದೆಯೊಂದನ್ನು ಮಾಡುವ ವಾಡಿಕೆಯಿತ್ತು. ಸ್ವತಂತ್ರ ಭಾರತವು 1948ರಲ್ಲಿ ಶಾಶ್ವತವಾದ ಜನಗಣತಿ ಕಾಯ್ದೆಯನ್ನು ಮಾಡಿತು. ಇದರ ನಾಲ್ಕು ಕಲಮುಗಳು ನಮಗೆ ಮುಖ್ಯ.

ಎಂಟನೆಯ ಕಲಮಿನಂತೆ ಗಣತಿದಾರನು ಕೇಳುವ ಪ್ರಶ್ನೆಗಳಿಗೆ ತನಗೆ ತಿಳಿದಷ್ಟರ ಮಟ್ಟಿಗೆ ಉತ್ತರ ಕೊಡುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ. ಇದಕ್ಕೊಂದು ವಿನಾಯಿತಿಯನ್ನೂ ಅಲ್ಲಿಯೇ ಕೊಡಲಾಗಿದೆ. ಮನೆಯ ಹೆಂಗಸರ ಹೆಸರನ್ನು ಹೇಳಬೇಕೆಂಬ ಬಲವಂತವಿಲ್ಲ; ಹೆಂಗಸು ತನ್ನ ಗಂಡನ ಅಥವಾ ತೀರಿಕೊಂಡ ಗಂಡನ ಹೆಸರನ್ನು, ಸಂಪ್ರದಾಯವು ಉಚ್ಚರಿಸಬಾರದೆಂದು ತಡೆದಿರುವ ಇತರರ ಹೆಸರನ್ನು ಹೇಳಬೇಕಾಗಿಲ್ಲ. ಗಂಡನ ಹೆಸರನ್ನು ಒಡಪಿನಲ್ಲಿ ಮಾತ್ರ ಹೇಳುವ ನಮ್ಮ ಕಡೆಯ ಹೆಂಗಸರ ರೂಢಿಗೆ ಕೇಂದ್ರದ ಕಾಯ್ದೆಯೊಂದು ಹೀಗೆ ಮನ್ನಣೆ ಕೊಟ್ಟಿರುವುದು ಜಾನಪದ ವಿದ್ವಾಂಸರಿಗೂ ಕುತೂಹಲದ ಸಂಗತಿಯೇ.

ಹನ್ನೊಂದನೆಯ ಕಲಂ ದಂಡನೆಯದು. ಉತ್ತರ ಕೊಡದವರಿಗೆ ದಂಡವುಂಟು. ಅದೇ ಕಲಂ ಗಣತಿದಾರನನ್ನೂ ಬಿಡುವುದಿಲ್ಲ. ಅಸಭ್ಯವಾದ ಪ್ರಶ್ನೆ ಕೇಳುವುದು, ತಿಳಿದೂ ಸುಳ್ಳು ಬರೆಯುವುದು, ಗಣತಿಯಲ್ಲಿ ತಿಳಿದ ಮಾಹಿತಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಹೊರಗೆಡವುವುದು ಇವು ಅಪರಾಧಗಳು. ಇವಕ್ಕೆ ಸಾವಿರ ರೂಪಾಯಿಯವರೆಗೆ ದಂಡದ ಜೊತೆಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು.

ಹದಿನೈದನೆಯ ಕಲಂ ಇಡೀ ಕಾಯ್ದೆಯ ಬೆನ್ನೆಲುಬು. ಗಣತಿಯ ಪುಸ್ತಕ, ದಾಖಲೆ ಅಥವಾ ಅನುಸೂಚಿಯನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಅದರಲ್ಲಿನ ಯಾವ ನಮೂದೂ ಸಿವಿಲ್ ವ್ಯಾಜ್ಯದಲ್ಲಾಗಲಿ, ಈ ಕಾಯ್ದೆಯಡಿಯ ಮೊಕದ್ದಮೆಯ ಹೊರತು ಬೇರೆ ಕ್ರಿಮಿನಲ್ ಮೊಕದ್ದಮೆಯಲ್ಲಾಗಲಿ ಸಾಕ್ಷ್ಯವಾಗದು. ತೆರಿಗೆಯ ಅಧಿಕಾರಿ ಕೇಳಿದರೂ, ಮನೆಯ ಮಾಲೀಕ ಕೇಳಿದರೂ, ಪೊಲೀಸರು ಕೇಳಿದರೂ, ಸಂಶೋಧಕ ಕೇಳಿದರೂ ಉತ್ತರ ಒಂದೇ. ಈ ರಕ್ಷಣೆಗೆ ತೆರಬೇಕಾದ ಬೆಲೆಯೂ ಇದೆ. ತಾನು ಇಂಥ ವರ್ಷ ಇಂಥ ಚಾಳಿನಲ್ಲಿ ವಾಸವಾಗಿದ್ದೆನೆಂದು ಸಾಧಿಸಬೇಕಾದ ಗಿರಣಿ ಕಾರ್ಮಿಕನಿಗೂ ಆ ನಮೂದು ನೆರವಿಗೆ ಬಾರದು. ಕದವು ಮಾಹಿತಿ ಕೊಟ್ಟವನಿಗೂ ಮುಚ್ಚಿದ್ದರೆ ಮಾತ್ರ ಎಲ್ಲರಿಗೂ ಮುಚ್ಚಿರುತ್ತದೆ ಎಂಬುದು ಇಲ್ಲಿನ ತರ್ಕ.

ಹದಿನೇಳನೆಯ ಕಲಂ ಸಂಶೋಧಕರು ಮರೆಯಬಾರದ ಕಲಂ. ಪ್ರಕಟಿತ ವರದಿಯಲ್ಲಿಲ್ಲದ ಅಂಕಿ-ಅಂಶಗಳ ಸಾರವನ್ನು ಸ್ಥಳೀಯ ಸಂಸ್ಥೆಯಾಗಲಿ ವ್ಯಕ್ತಿಯಾಗಲಿ ಕೇಳಿಕೊಂಡರೆ, ಅದು ನ್ಯಾಯವಾದ ಬೇಡಿಕೆಯೆಂದು ಅಧಿಕಾರಿಗೆ ತೋರಿದಲ್ಲಿ, ಕೇಳಿದವರ ಖರ್ಚಿನಲ್ಲಿ ಸಿದ್ಧಪಡಿಸಿ ಕೊಡಬಹುದು. ಹೀಗೆ ಕಾಯ್ದೆಯು ಹೆಸರನ್ನು ಮುಚ್ಚುತ್ತದೆ, ಸಂಖ್ಯೆಗೆ ದಾರಿ ಬಿಡುತ್ತದೆ.

ತೆರೆದ ಪಟ್ಟಿ, ಮುಚ್ಚಿದ ಪಟ್ಟಿ

ಈ ವ್ಯತ್ಯಾಸದ ಮಹತ್ವವನ್ನು ಬೈಕುಲ್ಲಾ-ನಾಗಪಾಡಾಗಳ ಈಚಿನ ಚರಿತ್ರೆ ಕಠೋರವಾಗಿ ತಿಳಿಸುತ್ತದೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಈ ಭಾಗವೂ ನರಳಿತು. ಗಲಭೆಗಳನ್ನು ವಿಚಾರಣೆ ಮಾಡಿದ ನ್ಯಾಯಮೂರ್ತಿ ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ ಅವರ ಆಯೋಗವು 1998ರಲ್ಲಿ ಹೊರಬಂದ ವರದಿಯಲ್ಲಿ, ದಾಳಿ ಮಾಡಿದವರ ಕೈಯಲ್ಲಿ ಅಂಗಡಿಗಳ ಪಟ್ಟಿಯೂ ಮತದಾರರ ಪಟ್ಟಿಯೂ ಇದ್ದವೆಂದು ದಾಖಲಿಸಿತು. ಮತದಾರರ ಪಟ್ಟಿಯಲ್ಲಿ ಧರ್ಮದ ಕಲಮಿಲ್ಲ, ಭಾಷೆಯ ಕಲಮಿಲ್ಲ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆಯ ಸಂಖ್ಯೆ ಇಷ್ಟೇ. ಮನೆಯನ್ನು ಹುಡುಕಲು ಅಷ್ಟೇ ಸಾಕಾಯಿತು.

ಮತದಾರರ ಪಟ್ಟಿಯು ಚುನಾವಣೆಯ ನ್ಯಾಯಕ್ಕಾಗಿ ತೆರೆದಿರಲೇಬೇಕಾದ ದಾಖಲೆ. ಗಣತಿಯ ಅನುಸೂಚಿ ಹಾಗಲ್ಲ. ಅದರಲ್ಲಿ ಧರ್ಮವೂ ಇದೆ, ಮಾತೃಭಾಷೆಯೂ ಇದೆ, ಹುಟ್ಟಿದ ಊರೂ ಇದೆ, ವಲಸೆಯ ಕಾರಣವೂ ಇದೆ. ತೆರೆದ ಪಟ್ಟಿಯಿಂದಲೇ ಅಷ್ಟು ಅನಾಹುತವಾದ ಪ್ರದೇಶದಲ್ಲಿ ಈ ಎರಡನೆಯ ಪಟ್ಟಿಯೂ ಕೈಗೆ ಸಿಗುವಂತಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಇದೇ ನ್ಯಾಯಮೂರ್ತಿ ಶ್ರೀಕೃಷ್ಣ ಅವರು 2017ರಲ್ಲಿ ನೇಮಕವಾದ ದತ್ತಾಂಶ ಸಂರಕ್ಷಣಾ ಸಮಿತಿಯ ಅಧ್ಯಕ್ಷರಾಗಿ 2018ರ ಜುಲೈನಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಮಸೂದೆಯ ಕರಡನ್ನು ಸರ್ಕಾರಕ್ಕೆ ಒಪ್ಪಿಸಿದರು. ಆ ಎರಡು ವರದಿಗಳನ್ನು ಒಟ್ಟಿಗೆ ಇಟ್ಟು ಓದುವವರಿಗೆ ಗೋಪ್ಯತೆಯೆಂಬುದು ಗಣಕಯಂತ್ರದ ಕಾಲದ ಹೊಸ ಚಿಂತೆಯಲ್ಲವೆಂಬುದು ಮನವರಿಕೆಯಾಗುತ್ತದೆ.

ಇಲ್ಲಿ ನಮ್ಮ ಕ್ಷೇತ್ರದ ಒಂದು ರೂಢಿಯ ಬಗ್ಗೆಯೂ ಹೇಳಬೇಕು. ಮುಂಬಯಿ ಕನ್ನಡಿಗರನ್ನು ಎಣಿಸಲು ಮತದಾರರ ಪಟ್ಟಿಯಲ್ಲಿ ಶೆಟ್ಟಿ, ಪೂಜಾರಿ, ಬಂಗೇರ, ಪಾಟೀಲ, ಕುಲಕರ್ಣಿ ಮೊದಲಾದ ಅಡ್ಡಹೆಸರುಗಳನ್ನು ಗುರುತುಹಾಕಿಕೊಳ್ಳುವ ಕ್ರಮವುಂಟು. ಇದು ಶಾಸ್ತ್ರೀಯವಾಗಿಯೂ ದುರ್ಬಲವಾದ ಕ್ರಮ. ಪಾಟೀಲ, ಕುಲಕರ್ಣಿಗಳು ಮರಾಠಿಯಲ್ಲೂ ಇದ್ದಾರೆ. ಪೂಜಾರಿ, ಬಂಗೇರರ ಮನೆಮಾತು ಬಹುಮಟ್ಟಿಗೆ ತುಳು. ಅಡ್ಡಹೆಸರನ್ನೇ ಬಳಸದ ಕನ್ನಡ ದುಡಿಮೆಗಾರರು ಈ ಲೆಕ್ಕದಿಂದ ಪೂರ್ತಿ ಬಿಟ್ಟುಹೋಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಹೆಸರಿನಿಂದ ಸಮುದಾಯವನ್ನು ಊಹಿಸಿ ಮನೆಯ ವಿಳಾಸದೊಡನೆ ಪಟ್ಟಿ ಮಾಡುವ ಈ ವಿಧಾನವು ಗಲಭೆಕಾರರ ಕೈಯಲ್ಲಿದ್ದ ವಿಧಾನವೇ ಆಗಿದೆ. ಉದ್ದೇಶ ಬೇರೆಯೆಂಬುದು ನಿಜ. ಆದರೆ ಪಟ್ಟಿ ಒಮ್ಮೆ ಸಿದ್ಧವಾದ ಮೇಲೆ ಅದು ಉದ್ದೇಶವನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಸಣ್ಣ ಸಂಖ್ಯೆಯ ಇಕ್ಕಟ್ಟು

ಹೆಸರನ್ನು ಅಳಿಸಿಬಿಟ್ಟರೆ ಗೋಪ್ಯತೆ ಉಳಿಯಿತೆಂಬ ನಂಬಿಕೆ ಸಾಮಾನ್ಯ. ಇದು ಸರಿಯಲ್ಲವೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಗಣತಿದಾರನೊಬ್ಬನಿಗೆ ಒಪ್ಪಿಸುವ ಗಣತಿ ಬ್ಲಾಕಿನಲ್ಲಿ ಸುಮಾರು ಆರೇಳು ನೂರು ಜನ ಇರುತ್ತಾರೆ. ಬೈಕುಲ್ಲಾದಲ್ಲಿ ಒಂದೆರಡು ದೊಡ್ಡ ಚಾಳುಗಳು ಸೇರಿದರೆ ಇಷ್ಟಾಗುತ್ತದೆ. ಅಂಥ ಬ್ಲಾಕಿಗೆ ಮಾತೃಭಾಷೆ, ವಯಸ್ಸು, ವೈವಾಹಿಕ ಸ್ಥಿತಿ, ಶಿಕ್ಷಣ ಈ ನಾಲ್ಕನ್ನೂ ಕೂಡಿಸಿ ಕೋಷ್ಟಕ ಮಾಡಿದೆವೆನ್ನಿ. 'ಕನ್ನಡ, ಅರವತ್ತು ದಾಟಿದ, ವಿಧವೆ' ಎಂಬ ಮನೆಯಲ್ಲಿ 1 ಎಂಬ ಅಂಕೆ ಬಂದರೆ ಆ ಹೆಂಗಸು ಯಾರೆಂಬುದು ಚಾಳಿನವರಿಗೆಲ್ಲ ಗೊತ್ತು. ಅದೇ ಸಾಲಿನಲ್ಲಿ 'ಅನಕ್ಷರಸ್ಥೆ' ಎಂದಿದ್ದರೆ, ಆಕೆ ಇದುವರೆಗೆ ಯಾರಿಗೂ ಹೇಳದಿದ್ದ ಸಂಗತಿಯನ್ನು ಕೋಷ್ಟಕವೇ ಹೇಳಿದಂತಾಯಿತು. ಅಂಕಿ-ಅಂಶ ಶಾಸ್ತ್ರದಲ್ಲಿ ಇವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ: ವ್ಯಕ್ತಿ ಯಾರೆಂದು ತಿಳಿಯುವುದು ಒಂದು, ಯಾರೆಂದು ಮೊದಲೇ ತಿಳಿದವರ ಬಗ್ಗೆ ಹೊಸದೊಂದು ಗುಣ ತಿಳಿಯುವುದು ಇನ್ನೊಂದು. ಎರಡನೆಯದೇ ಹೆಚ್ಚು ನೋಯಿಸುವಂಥದು.

ಅಂಥ ಸಣ್ಣ ಅಂಕೆಗಳನ್ನು ಮರೆಮಾಡಿದರೆ ಸಾಲದೆ? ಸಾಲದು. ಇದಕ್ಕೆ ನಿಜವಾದ ಅಂಕಿಗಳನ್ನೇ ನೋಡೋಣ. 2011ರಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 30,85,411. ಜಿಲ್ಲೆಯಲ್ಲಿ ಒಂಬತ್ತು ವಾರ್ಡುಗಳಿವೆ. 'ಇ' ವಾರ್ಡಿನ ಸಂಖ್ಯೆಯೊಂದನ್ನು ಮುಚ್ಚಿಟ್ಟು ಉಳಿದ ಎಂಟನ್ನು ಅಚ್ಚುಮಾಡಿದರೆ, ಆ ಎಂಟರ ಮೊತ್ತವಾದ 26,92,125ನ್ನು ಜಿಲ್ಲೆಯ ಸಂಖ್ಯೆಯಿಂದ ಕಳೆದ ಯಾರಿಗಾದರೂ 3,93,286 ಎಂಬ ಉತ್ತರ ಕೂಡಲೇ ಸಿಗುತ್ತದೆ. ದೊಡ್ಡ ಸಂಖ್ಯೆಗಳಲ್ಲಿ ಇದರಿಂದ ಹಾನಿಯಿಲ್ಲ. ಆದರೆ ಇದೇ ಕಳೆಯುವ ಲೆಕ್ಕ ಐದು ಜನರ ಗುಂಪಿಗೂ ನಡೆಯುತ್ತದೆ. ಆದ್ದರಿಂದ ಒಂದು ಅಂಕೆಯನ್ನು ಮುಚ್ಚಿದಾಗ ಅದರ ಸಾಲಿನಲ್ಲೂ ಕಂಬದಲ್ಲೂ ಕನಿಷ್ಠ ಇನ್ನೊಂದನ್ನು ಮುಚ್ಚಬೇಕಾಗುತ್ತದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರಿಗೆ ಕೊಟ್ಟ ಕೋಷ್ಟಕಗಳನ್ನು ಒಟ್ಟಿಗೆ ಇಟ್ಟರೂ ಇಂಥ ಕಳೆಯುವಿಕೆ ಸಾಧ್ಯ. ಅಧಿಕಾರಿಯೊಬ್ಬನು ನಿರುಪದ್ರವಿಯೆಂದು ತೋರುವ ಕೋಷ್ಟಕವನ್ನು ನಿರಾಕರಿಸಿದಾಗ ಅದರ ಹಿಂದೆ ಈ ಲೆಕ್ಕವೂ ಇರಬಹುದೆಂದು ನಾವು ತಿಳಿಯಬೇಕು.

ಇತರ ಉಪಾಯಗಳೂ ಇವೆ. ಅಂಕೆಗಳನ್ನು ಐದಕ್ಕೋ ಹತ್ತಕ್ಕೋ ಸರಿಹೊಂದಿಸುವುದು, ವಯಸ್ಸನ್ನು ವರ್ಷದ ಬದಲು ದಶಕಗಳಲ್ಲಿ ಕೊಡುವುದು, ಒಂದೇ ಬಗೆಯ ಎರಡು ಕುಟುಂಬಗಳ ನೆಲೆಯನ್ನು ಅದಲುಬದಲು ಮಾಡುವುದು ಇವು ಹಳೆಯವು. ಅಮೆರಿಕದ 2020ರ ಗಣತಿಯಲ್ಲಿ ಪ್ರಕಟಿತ ಅಂಕಿಗಳಿಗೆ ಗಣಿತದ ನಿಯಮದಂತೆ ಸಣ್ಣ ಏರಿಳಿತವನ್ನು ಬೆರೆಸುವ ಕ್ರಮವನ್ನು ಅನುಸರಿಸಲಾಯಿತು; ಇದರಿಂದ ಸಣ್ಣ ಊರುಗಳ ಅಂಕಿಗಳು ಕೆಡುತ್ತವೆಂಬ ಆಕ್ಷೇಪವೂ ಎದ್ದಿತು.

ಆ ಆಕ್ಷೇಪವು ನಮಗೆ ಹೊಸದೇನಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳು ಸಣ್ಣ ಸಂಖ್ಯೆಗಳ ಮೇಲೆಯೇ ನಿಂತಿವೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕೆಂಬುದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಕಾಲದಿಂದ ಬಂದಿರುವ ಮಾನದಂಡ. ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಹತ್ತು ಮಕ್ಕಳು ಎಂಟಾಗಿ ತೋರಿದರೆ ಒಂದು ಕನ್ನಡ ತರಗತಿ ಹೋಗಬಹುದು. ಸಣ್ಣ ಸಂಖ್ಯೆ ಹಕ್ಕಿಗೂ ಆಧಾರ, ಅಪಾಯಕ್ಕೂ ದಾರಿ. ಈ ಇಕ್ಕಟ್ಟಿನಿಂದ ಪಾರಾಗುವ ಒಂದೇ ಸೂತ್ರವಿಲ್ಲ; ಯಾವ ಬಳಕೆಗೆ ಯಾವ ಅಂಕಿ ಬೇಕೆಂಬುದನ್ನು ಬಿಡಿಬಿಡಿಯಾಗಿ ನಿರ್ಧರಿಸಬೇಕಾಗುತ್ತದೆ. ಶಾಲೆಗೆ ಬೇಕಾದುದು ಮಕ್ಕಳ ಸಂಖ್ಯೆ. ಅವರ ತಾಯಂದಿರ ವೈವಾಹಿಕ ಸ್ಥಿತಿ ಅದಕ್ಕೆ ಬೇಕಾಗಿಲ್ಲ.

ಮಾತೃಭಾಷೆಯ ಕಲಮಿನ ನಿಯಮವೂ ಇದಕ್ಕೆ ಸಂಬಂಧಿಸಿದೆ. ಬಾಲ್ಯದಲ್ಲಿ ತಾಯಿ ಆಡುತ್ತಿದ್ದ ಭಾಷೆಯನ್ನು, ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆಯನ್ನು, ಹೇಳಿದವರು ಹೇಳಿದಂತೆಯೇ ಬರೆದುಕೊಳ್ಳಬೇಕು, ಗಣತಿದಾರನು ತಿದ್ದಬಾರದು. ಪರಭಾಷಾ ಪ್ರದೇಶದಲ್ಲಿ 'ಕನ್ನಡ' ಎಂದು ಹೇಳಲು ಒಂದಿಷ್ಟು ಧೈರ್ಯ ಬೇಕಾದ ಕಾಲಗಳು ಬಂದು ಹೋಗಿವೆ. 1951ರ ಗಣತಿಯ ಭಾಷಾ ಅಂಕಿಗಳು ಬೆಳಗಾವಿ ಗಡಿಯ ವಾದದಲ್ಲಿ ಅಸ್ತ್ರಗಳಾದುದು, 1966ರಲ್ಲಿ ನೇಮಕವಾದ ಮಹಾಜನ್ ಆಯೋಗದ ಮುಂದೆಯೂ ಅವು ಚರ್ಚೆಗೆ ಬಂದುದು ನಮ್ಮ ಓದುಗರಿಗೆ ತಿಳಿದದ್ದೇ. ಉತ್ತರವು ನೆರೆಮನೆಯವರಿಗೆ ತಿಳಿಯದೆಂಬ ಭರವಸೆ ಇದ್ದಾಗ ಮಾತ್ರ ಉತ್ತರ ನಿಜವಾಗಿರುತ್ತದೆ. ನಾವು ಉದ್ಧರಿಸುವ ಪ್ರತಿಯೊಂದು ಭಾಷಾ ಅಂಕಿಯ ಯೋಗ್ಯತೆಯೂ ಆ ಭರವಸೆಯಿಂದಲೇ ಬಂದದ್ದು.

ಕಾಮಾಠಿಪುರದ ನಿದರ್ಶನ

ಬೈಕುಲ್ಲಾಕ್ಕೆ ಹೊಂದಿಕೊಂಡಿರುವ ಕಾಮಾಠಿಪುರಕ್ಕೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಗಳಿಂದ ದೇವದಾಸಿ ಪದ್ಧತಿಗೆ ಸಿಲುಕಿದ ಕನ್ನಡ ಹೆಂಗಸರು ಬಂದು ಸೇರಿದ ಕಥೆ ಸಂಶೋಧನೆಗಳಲ್ಲಿ ದಾಖಲಾಗಿದೆ. ಕರ್ನಾಟಕವು 1982ರ ಕಾಯ್ದೆಯ ಮೂಲಕ ಈ ಪದ್ಧತಿಯನ್ನು ನಿಷೇಧಿಸಿತು. 1993-94 ಮತ್ತು 2007-08ರಲ್ಲಿ ರಾಜ್ಯವು ನಡೆಸಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ಮಹಿಳೆಯರು ಗುರುತಿಸಲ್ಪಟ್ಟರು. ಇವು ಹೆಸರಿರುವ ಪಟ್ಟಿಗಳು. ಮಾಸಾಶನ, ಮನೆ ಮೊದಲಾದ ಸೌಲಭ್ಯಗಳಿಗೆ ಹೆಸರು ಬೇಕೇ ಬೇಕು. ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ನೆರವಿಲ್ಲ. ಹೆಸರಿದ್ದವಳ ಮಗಳ ಮದುವೆಯ ಮಾತುಕತೆಯಲ್ಲಿ ಆ ಪಟ್ಟಿ ಎದ್ದುಬಂದರೆ ಅದಕ್ಕೆ ಪರಿಹಾರವಿಲ್ಲ. ಇದು ಅಂಕಿ-ಅಂಶದ ಪಟ್ಟಿಗೂ ಆಡಳಿತದ ಪಟ್ಟಿಗೂ ಇರುವ ಮೂಲಭೂತ ವ್ಯತ್ಯಾಸ. ಮೊದಲನೆಯದು ಎಷ್ಟು ಜನ ಎಂದು ಕೇಳುತ್ತದೆ, ಎರಡನೆಯದು ಯಾರು ಎಂದು ಕೇಳುತ್ತದೆ. ಒಂದರ ಹೆಸರಿನಲ್ಲಿ ಸಂಗ್ರಹಿಸಿದ್ದನ್ನು ಇನ್ನೊಂದಕ್ಕೆ ಬಳಸಬಾರದು.

ಆರೋಗ್ಯ ಇಲಾಖೆಯ ಒಂದು ಕ್ರಮವನ್ನು ಇಲ್ಲಿ ಮೆಚ್ಚುಗೆಯಿಂದ ನೆನೆಯಬಹುದು. 1998ರಿಂದ ದೇಶಾದ್ಯಂತ ಆರಂಭವಾದ ಎಚ್‌ಐವಿ ಕಾವಲು ಸಮೀಕ್ಷೆಯಲ್ಲಿ, ಗರ್ಭಿಣಿಯರಿಂದ ಬೇರೆ ವಾಡಿಕೆಯ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಉಳಿದ ಭಾಗದಿಂದ ಹೆಸರು-ಗುರುತುಗಳನ್ನು ತೆಗೆದುಹಾಕಿದ ಮೇಲೆಯೇ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದರು. ಸೋಂಕಿನ ಪ್ರಮಾಣ ತಿಳಿಯಿತು. ಯಾರಿಗೆಂದು ಪರೀಕ್ಷಿಸಿದವರಿಗೂ ತಿಳಿಯಲಿಲ್ಲ. ಸೋಂಕಿದ್ದವಳಿಗೆ ಆ ವಿಷಯ ತಿಳಿಸಲಾಗದೆ ಹೋಗುವುದು ಈ ಕ್ರಮದ ನೈತಿಕ ತೊಡಕು. ಅದಕ್ಕಾಗಿ ಸ್ವಇಚ್ಛೆಯ ಪರೀಕ್ಷೆ ಮತ್ತು ಸಲಹೆಯ ಕೇಂದ್ರಗಳು ಬೇರೆಯಾಗಿ ಬೇಕಾದವು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿತರ ಮಾಹಿತಿಯ ಗೋಪ್ಯತೆಯನ್ನು ಕಾನೂನಿನ ಹಕ್ಕಾಗಿ ಮಾಡಿತು.

ಕಟ್ಟಿನ ಹೊರಗಿರುವ ಸಮೀಕ್ಷೆಗಳು

ಮನೆಗೆ ಬರುವ ಪ್ರತಿಯೊಬ್ಬ ಸಮೀಕ್ಷಕನೂ ಜನಗಣತಿ ಕಾಯ್ದೆಯ ಕೆಳಗೆ ಬರುವುದಿಲ್ಲ. 2010ರಲ್ಲಿ ಮನೆಪಟ್ಟಿಯ ಜೊತೆಯಲ್ಲೇ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಮಾಹಿತಿಯನ್ನೂ ಸಂಗ್ರಹಿಸಲಾಯಿತು. ಬಂದವನು ಒಬ್ಬನೇ, ಕೈಯಲ್ಲಿದ್ದ ಅನುಸೂಚಿಗಳು ಎರಡು, ಅವುಗಳ ಹಿಂದಿನ ಕಾನೂನುಗಳೂ ಎರಡು. ನೋಂದಣಿಯು ಪೌರತ್ವ ಕಾಯ್ದೆ ಮತ್ತು ಅದರ 2003ರ ನಿಯಮಗಳಿಗೆ ಸೇರಿದ್ದು. ಹದಿನೈದನೆಯ ಕಲಮಿನ ರಕ್ಷಣೆ ಅದಕ್ಕಿಲ್ಲ. 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯೂ ಜನಗಣತಿ ಕಾಯ್ದೆಯಡಿ ನಡೆದದ್ದಲ್ಲ.

ಕರ್ನಾಟಕದ ಅನುಭವವೂ ಇದೇ. 2015ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ನಡೆಸಿದ್ದು ಹಿಂದುಳಿದ ವರ್ಗಗಳ ಆಯೋಗ. ವರದಿ ಸರ್ಕಾರದ ಕೈಸೇರಿದ್ದು 2024ರಲ್ಲಿ. ಅದಕ್ಕೆ ವರ್ಷಗಳ ಮೊದಲೇ ಅದರವೆನ್ನಲಾದ ಜಾತಿವಾರು ಅಂಕಿಗಳು ಪತ್ರಿಕೆಗಳಲ್ಲಿ ಬಂದಿದ್ದವು. ಅವು ಒಟ್ಟು ಮೊತ್ತಗಳೇ ಹೊರತು ವ್ಯಕ್ತಿಗಳ ವಿವರಗಳಲ್ಲ. ಆದರೂ ಮಾಹಿತಿ ಕೊಟ್ಟವರ ವಿಶ್ವಾಸಕ್ಕೆ ಅದರಿಂದ ಪೆಟ್ಟುಬಿತ್ತು. 2025ರ ಸೆಪ್ಟೆಂಬರಿನಲ್ಲಿ ಹೊಸ ಸಮೀಕ್ಷೆ ಆರಂಭವಾದಾಗ ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯವು ಸಮೀಕ್ಷೆಯನ್ನು ತಡೆಯಲಿಲ್ಲ; ಸಂಗ್ರಹಿಸಿದ ಮಾಹಿತಿಯನ್ನು ಯಾರಿಗೂ ಹೊರಗೆಡವದೆ ಗೋಪ್ಯವಾಗಿಡಬೇಕೆಂದೂ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ಪ್ರಕಟಿಸಬೇಕೆಂದೂ ಹೇಳಿತು. ಜನಗಣತಿಯಲ್ಲಿ ಉತ್ತರ ಕಡ್ಡಾಯ, ಗೋಪ್ಯತೆ ಕಾಯ್ದೆಯಲ್ಲೇ ಇದೆ. ಇಲ್ಲಿ ಉತ್ತರ ಐಚ್ಛಿಕ, ಗೋಪ್ಯತೆಯನ್ನು ನ್ಯಾಯಾಲಯ ಒತ್ತಿ ಹೇಳಬೇಕಾಯಿತು. ಈ ಎರಡನ್ನು ಒಂದೇ ಎಂಬಂತೆ ಉದ್ಧರಿಸುವ ಲೇಖನಗಳು ಆಗಾಗ ಬರುತ್ತಿರುವುದರಿಂದ ಈ ಭೇದವನ್ನು ನಾವು ಸ್ಪಷ್ಟಪಡಿಸಿದ್ದೇವೆ.

ಮಾದರಿ ಸಮೀಕ್ಷೆಗಳಿಗೆ ಮತ್ತು ಉದ್ಯಮಗಳ ಅಂಕಿ-ಅಂಶಗಳಿಗೆ 2008ರ ಅಂಕಿ-ಅಂಶ ಸಂಗ್ರಹಣಾ ಕಾಯ್ದೆಯು ಇಂಥದೇ ರಕ್ಷಣೆ ಕೊಡುತ್ತದೆ: ಮಾಹಿತಿಯನ್ನು ಅಂಕಿ-ಅಂಶದ ಉದ್ದೇಶಕ್ಕೆ ಮಾತ್ರ ಬಳಸಬೇಕು; ಗುರುತು ತೆಗೆದ ಬಳಿಕವೇ ಇತರರಿಗೆ ಕೊಡಬಹುದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಂಶೋಧನೆಗೂ ಅಂಕಿ-ಅಂಶ ಕಾರ್ಯಕ್ಕೂ ವಿನಾಯಿತಿ ಕೊಡುತ್ತದೆ. ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು, ಗೊತ್ತುಪಡಿಸಿದ ಮಾನದಂಡಗಳನ್ನು ಪಾಲಿಸಬೇಕು ಎಂಬುದು ಷರತ್ತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ಹೊರಜಗತ್ತಿನ ಅನುಭವ ಈ ಎಚ್ಚರಿಕೆಯನ್ನು ಬಲಪಡಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು 1942ರ ಯುದ್ಧಾಧಿಕಾರದ ಕಾಯ್ದೆಯ ಮೂಲಕ ಗಣತಿಯ ಗೋಪ್ಯತೆಯನ್ನು ಸಡಿಲಿಸಿತು; ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸುವಾಗ ಅವರು ಎಲ್ಲೆಲ್ಲಿ ನೆಲೆಸಿದ್ದಾರೆಂಬ ಗಣತಿಯ ಕೋಷ್ಟಕಗಳು ಬಳಕೆಯಾದವು. ಹೆಸರಿಲ್ಲದ ಕೋಷ್ಟಕವೂ ಒಂದು ಸಮುದಾಯಕ್ಕೆ ಕೇಡು ತರಬಲ್ಲದೆಂಬುದಕ್ಕೆ ಇದು ಸಾಕ್ಷಿ. 1983ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವು ಅಲ್ಲಿನ ಗಣತಿ ಕಾಯ್ದೆಯ ಕೆಲಭಾಗವನ್ನು ತಳ್ಳಿಹಾಕಿ, ತನ್ನ ಮಾಹಿತಿಯ ಬಳಕೆಯನ್ನು ನಿರ್ಧರಿಸುವ ಹಕ್ಕು ವ್ಯಕ್ತಿಗೆ ಸೇರಿದ್ದೆಂದು ಸಾರಿತು. 1994ರಲ್ಲಿ ವಿಶ್ವಸಂಸ್ಥೆಯ ಅಂಕಿ-ಅಂಶ ಆಯೋಗವು ಅಂಗೀಕರಿಸಿದ ಮೂಲತತ್ವಗಳಲ್ಲಿ ಆರನೆಯದು, ವ್ಯಕ್ತಿಗಳ ಮಾಹಿತಿ ಕಟ್ಟುನಿಟ್ಟಾಗಿ ಗೋಪ್ಯವಾಗಿರಬೇಕೆಂಬುದೇ ಆಗಿದೆ.

ಸಂಶೋಧಕರಿಗೆ ಕೆಲವು ಸೂಚನೆಗಳು

ರಾಜ್ಯದ ಹೊರಗಿದ್ದು ಕನ್ನಡ ಸಮುದಾಯಗಳನ್ನು ಅಧ್ಯಯನ ಮಾಡುವವರಿಗೆ ನಾವು ಹೇಳಬಯಸುವುದು ಇಷ್ಟು. ಮೊದಲು ಪ್ರಕಟಿತ ಆಕರಗಳನ್ನು ಪೂರ್ತಿಯಾಗಿ ಬಳಸಬೇಕು. ಮಾತೃಭಾಷೆಯ 'ಸಿ-16' ಕೋಷ್ಟಕ, ದ್ವಿಭಾಷಿಕ-ತ್ರಿಭಾಷಿಕರ 'ಸಿ-17' ಕೋಷ್ಟಕ, ವಲಸೆಯ 'ಡಿ' ಸರಣಿಯ ಕೋಷ್ಟಕಗಳು ಇವುಗಳನ್ನು ಒಟ್ಟಿಗೆ ಓದಿದವರು ನಮ್ಮಲ್ಲಿ ಇನ್ನೂ ಕಡಿಮೆ. ಮಹಾರಾಷ್ಟ್ರದಲ್ಲಿ ಕನ್ನಡಿಗರ ಎರಡನೆಯ, ಮೂರನೆಯ ಭಾಷೆಗಳು ಯಾವುವೆಂಬುದನ್ನು ಅರಿಯಲು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ.

ಅಷ್ಟರಿಂದ ಸಾಲದಿದ್ದರೆ ಹದಿನೇಳನೆಯ ಕಲಮಿನಂತೆ ವಿಶೇಷ ಸಾರವನ್ನು ಬೇಡಬಹುದು. ಬೇಡುವಾಗ ಭೌಗೋಳಿಕ ಮಟ್ಟ ಕಿರಿದಾದರೆ ಗುಣಗಳ ಸಂಖ್ಯೆ ಕಡಿಮೆಯಿರಬೇಕು, ಗುಣಗಳು ಹೆಚ್ಚಾದರೆ ಪ್ರದೇಶ ಹಿರಿದಾಗಿರಬೇಕು ಎಂಬ ನಿಯಮವನ್ನು ಪಾಲಿಸಿದರೆ ಅಧಿಕಾರಿಗಳಿಗೂ ಒಪ್ಪಿಕೊಳ್ಳಲು ಸುಲಭ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಬಿಡಿ ದತ್ತಾಂಶಗಳು ಗುರುತು ತೆಗೆದ ರೂಪದಲ್ಲಿ ದೊರೆಯುತ್ತವೆ. ಅವುಗಳಿಂದ ವಾರ್ಡಿನ ಅಂದಾಜು ಮಾಡಲಾಗದು. ಆದರೆ ರಾಜ್ಯದ ಮಟ್ಟದ ಚಿತ್ರ ಸಿಗುತ್ತದೆ.

ಕೊನೆಯದಾಗಿ, ಸ್ವತಃ ಕ್ಷೇತ್ರಕಾರ್ಯ ಮಾಡುವವನು ತಾನೂ ಒಂದು ಸಣ್ಣ ಅಂಕಿ-ಅಂಶ ಕಚೇರಿಯೆಂದು ಭಾವಿಸಬೇಕು. ಆತನ ಟಿಪ್ಪಣಿ ಪುಸ್ತಕಕ್ಕೆ ಹದಿನೈದನೆಯ ಕಲಮಿನ ಕಾವಲಿಲ್ಲ. ನ್ಯಾಯಾಲಯ ತರಿಸಿಕೊಳ್ಳಬಹುದು, ಕಳ್ಳ ಒಯ್ಯಬಹುದು. ಆದ್ದರಿಂದ ಹೆಸರನ್ನು ಬರೆಯದೆ ಸಂಕೇತ ಸಂಖ್ಯೆಯನ್ನು ಬರೆಯುವುದು, ಸಂಕೇತದ ಕೀಲಿಯನ್ನು ಬೇರೆಡೆ ಇಡುವುದು, ಕೆಲಸ ಮುಗಿದೊಡನೆ ಅದನ್ನು ನಾಶಮಾಡುವುದು, ಚಾಳಿನ ಹೆಸರಿನ ಬದಲು ವಾರ್ಡಿನ ಹೆಸರನ್ನು ಕೊಡುವುದು, ಐದಕ್ಕಿಂತ ಕಡಿಮೆಯ ಅಂಕೆಗಳನ್ನು ಪಕ್ಕದ ವರ್ಗದೊಡನೆ ಸೇರಿಸುವುದು ಇವನ್ನು ರೂಢಿಸಿಕೊಳ್ಳಬೇಕು. ಪ್ರಬಂಧದ ಅನುಬಂಧದಲ್ಲಿ ಮಾಹಿತಿದಾರರ ಹೆಸರು, ವಯಸ್ಸು, ವಿಳಾಸಗಳನ್ನು ಅಚ್ಚುಹಾಕುವ ನಮ್ಮ ಹಳೆಯ ಪದ್ಧತಿ ಕೃತಜ್ಞತೆಯಿಂದ ಹುಟ್ಟಿದ್ದು. ಹಾಡು ಹೇಳಿಕೊಟ್ಟ ಕಲಾವಿದನಿಗೆ, ಆತನ ಒಪ್ಪಿಗೆಯಿದ್ದಲ್ಲಿ, ಅದು ಗೌರವ. ತನ್ನ ವಲಸೆಯ, ಸಾಲದ, ರೋಗದ ಕಥೆ ಹೇಳಿದವಳಿಗೆ ಅದು ಗೌರವವಲ್ಲ.

2027ರ ಮಾರ್ಚ್ 1ನ್ನು ಉಲ್ಲೇಖದಿನವಾಗಿ ಗೊತ್ತುಪಡಿಸಿರುವ ಗಣತಿಯಲ್ಲಿ ಕಾಗದದ ಬದಲು ಮೊಬೈಲ್ ಸಾಧನವೂ, ಕುಟುಂಬಗಳು ತಾವೇ ವಿವರ ತುಂಬುವ ಅವಕಾಶವೂ ಇರಬೇಕೆಂದು ನಿರ್ಧಾರವಾಗಿದೆ. ಜಾತಿಯ ಪ್ರಶ್ನೆಯೂ ಸೇರಲಿದೆ. ಕಾಗದದ ಅನುಸೂಚಿಯನ್ನು ಕದಿಯಲು ಉಗ್ರಾಣಕ್ಕೇ ಹೋಗಬೇಕಿತ್ತು, ಕದ್ದರೂ ಕೆಲವು ಚಾಳುಗಳಷ್ಟೇ ಸಿಗುತ್ತಿದ್ದವು. ಗಣಕದ ಕಡತಕ್ಕೆ ಆ ಭಾರವಿಲ್ಲ. ಆದ್ದರಿಂದ ಬೀಗ ಹೇಗಿದೆಯೆಂದು, ಕೀಲಿ ಯಾರ ಬಳಿಯಿದೆಯೆಂದು ಕೇಳುವ ಹೊಣೆ ಅಂಕಿಗಳನ್ನು ಬಳಸುವ ನಮ್ಮದೂ ಆಗಿದೆ. ಬೈಕುಲ್ಲಾದ ಚಾಳಿನಲ್ಲಿ ನನ್ನ ತಾಯ್ನುಡಿ ಕನ್ನಡವೆಂದು ಅಳುಕಿಲ್ಲದೆ ಬರೆಸಬಲ್ಲ ಸ್ಥಿತಿ ಉಳಿದರೆ ಮಾತ್ರ ನಮ್ಮ ಕೋಷ್ಟಕಗಳಿಗೆ ಅರ್ಥವಿರುತ್ತದೆ.